ಟೋನ್ ಮರದೊಳಗೆ ಕೂತಿಲ್ಲ

ಗೌರಿಬಿದನೂರಿನ ಆಸುಪಾಸಿನ ಗಟ್ಟಿ ಬಂಡೆನೆಲದ ಮೇಲೆ 1965ರಿಂದ ಒಂದು ಕಂಪನಮಾಪಕ ಜಾಲ ಕೆಲಸ ಮಾಡುತ್ತಿದೆ. ಇಂದಿನ ಭಾಭಾ ಅಣು ಸಂಶೋಧನಾ ಕೇಂದ್ರ ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ನೆರವಿನಿಂದ ಕಟ್ಟಿದ ಜಾಲ ಅದು. ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ, ಹೊಲ ಗುಡ್ಡಗಳ ನಡುವೆ ಕಿಲೋಮೀಟರುಗಟ್ಟಲೆ ಚಾಚಿಕೊಂಡ ಎರಡು ತೋಳುಗಳ ಮೇಲೆ ಇಪ್ಪತ್ತು ಮಾಪಕಗಳಿವೆ. ಸಾವಿರಾರು ಕಿಲೋಮೀಟರ್ ಆಚೆ ನೆಲದಡಿ ಅಣುಬಾಂಬ್ ಸಿಡಿದರೂ ಇಲ್ಲಿ ಗೊತ್ತಾಗುತ್ತದೆ. ಮಾಪಕದ ಹೊಟ್ಟೆಯಲ್ಲಿರುವುದು ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ. ನೆಲ ಅಲುಗಿದಾಗ ಎರಡರ ನಡುವೆ ಚಲನೆಯಾಗುತ್ತದೆ, ಚಲನೆಯಾದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ತ್ವ ಇದು.

ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಕೆಲಸ ಮಾಡುವುದೂ ಹೀಗೆಯೇ. ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸುಮಾರು 8,000 ಸುತ್ತು ಸುತ್ತಿರುತ್ತಾರೆ. ಅದರ ಮೇಲೆ ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಕದಲಿ, ಸುರುಳಿಯಲ್ಲಿ ಹುಟ್ಟುವ ಕಿರುವಿದ್ಯುತ್ತನ್ನು ಆಂಪ್ಲಿಫೈಯರ್ ಹಿಗ್ಗಿಸುತ್ತದೆ. ಉಕ್ಕಿನ ತಂತಿಗಳನ್ನು ಬಿಚ್ಚಿ ಅದೇ ಗಿಟಾರಿಗೆ ನೈಲಾನ್ ತಂತಿ ಕಟ್ಟಿ ಮೀಟಿದರೆ ಸ್ಪೀಕರಿನಿಂದ ಸದ್ದೇ ಬರುವುದಿಲ್ಲ. ಮರ ಅದೇ, ಕಟ್ಟಿದವರ ಕೈ ಅದೇ, ಮೇಲಿನ ಪಾಲಿಶ್ ಅದೇ, ಆದರೂ ಮೌನ. ಪಿಕಪ್‌ಗೆ ಕಾಣಿಸುವುದು ಉಕ್ಕಿನ ಚಲನೆ ಮಾತ್ರ.

ಇಷ್ಟು ಸರಳವಾದ ಸಂಗತಿ ಕಣ್ಣೆದುರಿಗಿದ್ದರೂ ಬೆಂಗಳೂರಿನ ವಾದ್ಯದಂಗಡಿಗಳಿಂದ ಹಿಡಿದು ಚಿಕ್ಕಬಳ್ಳಾಪುರ, ಚಿಂತಾಮಣಿಯ ಗಿಟಾರ್ ಕಲಿಯುವ ಹುಡುಗರ ಮಾತಿನವರೆಗೆ ಬೇರೊಂದು ನಂಬಿಕೆ ಆಳುತ್ತಿದೆ. ಒಳ್ಳೆಯ ಟೋನ್ ಒಳ್ಳೆಯ ಮರದಿಂದ ಬರುತ್ತದಂತೆ. ಮಹಾಗನಿ ಬೆಚ್ಚಗೆ ನುಡಿಯುತ್ತದೆ, ಮೇಪಲ್ ಚುರುಕಾಗಿ ನುಡಿಯುತ್ತದೆ, ಬೀಟೆಯ ಫಿಂಗರ್‌ಬೋರ್ಡ್ ಇಲ್ಲದಿದ್ದರೆ ನಾದಕ್ಕೆ ತೂಕವೇ ಬರದು. ವಾದ್ಯ ಹಳತಾದಷ್ಟೂ ಮಾಗುತ್ತದೆ, ಹೆಸರಾಂತ ಕಂಪನಿಯ ಅಮೆರಿಕನ್ ಮಾದರಿಯಲ್ಲಿ ಅಗ್ಗದ ಮಾದರಿಗೆ ಎಂದೂ ಸಿಗದ ಜೀವ ಇರುತ್ತದೆ. ಇವೆಲ್ಲದರ ತುದಿಯಲ್ಲಿ ಪರಿಪೂರ್ಣ ಟೋನ್ ಎಂಬುದೊಂದು ಕಾದು ಕುಳಿತಿದೆ. ಹುಡುಕುತ್ತಾ, ಕೊಳ್ಳುತ್ತಾ, ಮಾರುತ್ತಾ, ಮತ್ತೆ ಕೊಳ್ಳುತ್ತಾ ಹೋದರೆ ಒಂದು ದಿನ ಕೈಗೆ ಸಿಗುತ್ತದೆ.

ಈ ನಂಬಿಕೆ ತಪ್ಪು. ತಪ್ಪಷ್ಟೇ ಆಗಿದ್ದರೆ ಅಭಿರುಚಿಯ ವಿಷಯವೆಂದು ಬಿಡಬಹುದಿತ್ತು. ಇದು ಕಲಿಯುವವರ ಜೇಬಿಗೂ ಕೈಗೂ ಪಶ್ಚಿಮಘಟ್ಟದ ಕಾಡಿಗೂ ಹಾನಿ ಮಾಡುತ್ತಿರುವ ನಂಬಿಕೆ.

ನಂಬಿಕೆಯೊಂದನ್ನು ಪರೀಕ್ಷೆಗೆ ಒಡ್ಡುವುದು ಹೇಗೆಂದು ಈ ಸೀಮೆಯವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ, ಎಲ್ಲರ ಎಚ್ಚೆನ್, ಓದಬೇಕೆಂಬ ಹಟದಿಂದ ಬೆಂಗಳೂರಿಗೆ ನಡೆದೇ ಹೋದವರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಮರಳಿ ಬಂದು ಪಾಠ ಹೇಳಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿಯನ್ನೇ ರಚಿಸಿದರು. ಅವರು ಕೇಳಿದ್ದು ಅತಿ ಸರಳ: ನಡೆಯುತ್ತದೆ ಎನ್ನುವುದು ನಿಗಾ ಇಟ್ಟ ಸ್ಥಿತಿಯಲ್ಲಿ, ಎಲ್ಲರೂ ನೋಡುವಂತೆ ನಡೆಯಲಿ. ಮರದ ಮಹಿಮೆಯನ್ನು ಹೇಳುವವರ ಮುಂದೆಯೂ ಅದೇ ಬೇಡಿಕೆ ಇಡಬೇಕು. ಗಿಟಾರ್ ಯಾವುದೆಂದು ಗೊತ್ತಿಲ್ಲದಂತೆ ಕೇಳಿಸಿದರೆ ಈ ವ್ಯತ್ಯಾಸ ಕಿವಿಗೆ ಸಿಗುತ್ತದೆಯೇ?

ಅಂಥ ಪರೀಕ್ಷೆಗಳು ನಡೆದಿವೆ. ಮರದ ಪೆಟ್ಟಿಗೆಯೇ ದನಿಯ ಮೂಲವಾದ ವಾದ್ಯಗಳಿಂದಲೇ ಶುರು ಮಾಡಬಹುದು. ಅಲ್ಲಿ ಮರದ ಮಾತಿಗೆ ಹೆಚ್ಚು ಬಲವಿರಬೇಕಲ್ಲವೇ. ಕ್ಲೌಡಿಯಾ ಫ್ರಿಟ್ಜ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇಂಡಿಯಾನಾಪೊಲಿಸ್‌ನಲ್ಲಿ 21 ಮಂದಿ ಪಿಟೀಲು ವಾದಕರಿಗೆ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಸಿ ಆರು ಪಿಟೀಲುಗಳನ್ನು ನುಡಿಸಲು ಕೊಟ್ಟರು. ಮೂರು ಹೊಸವು, ಎರಡು ಸ್ಟ್ರಾಡಿವೇರಿಯಸ್, ಒಂದು ಗ್ವಾರ್ನೇರಿ. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವೇರಿಯಸ್. ಬಳಿಕ ಪ್ಯಾರಿಸ್ಸಿನಲ್ಲಿ ಹತ್ತು ಮಂದಿ ಪ್ರಸಿದ್ಧ ಏಕವ್ಯಕ್ತಿ ವಾದಕರನ್ನು ಕೂರಿಸಿ ಹನ್ನೆರಡು ಪಿಟೀಲುಗಳೊಂದಿಗೆ ಪರೀಕ್ಷೆ ಮಾಡಿದಾಗಲೂ ಹೆಚ್ಚಿನವರು ಆರಿಸಿಕೊಂಡದ್ದು ಹೊಸ ವಾದ್ಯವನ್ನೇ. ಇನ್ನು ಗಿಟಾರಿನ ವಿಷಯ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ರೋಜರ್ ಬಕ್‌ನಲ್ ಎಂಬ ಅನುಭವಿ ಕುಶಲಕರ್ಮಿಯಿಂದ ಆರು ಅಕೌಸ್ಟಿಕ್ ಗಿಟಾರುಗಳನ್ನು ಕಟ್ಟಿಸಿದರು. ಎಲ್ಲ ಒಂದೇ ಅಳತೆ, ಒಂದೇ ವಿನ್ಯಾಸ. ಬೆನ್ನು ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ. ಬ್ರೆಜಿಲಿನ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್. ಬೆಸುಗೆ ಹಾಕುವವರ ಕಪ್ಪು ಕನ್ನಡಕ ತೊಟ್ಟ 52 ಗಿಟಾರ್ ವಾದಕರು ಒಂದೊಂದನ್ನೂ ನುಡಿಸಿ ಅಂಕ ಕೊಟ್ಟರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ. ಬೆಲೆಯಲ್ಲಿ ಅಜಗಜಾಂತರವಿರುವ ಮರಗಳು ಕಿವಿಯ ಲೆಕ್ಕದಲ್ಲಿ ಸಮಸಮ ನಿಂತವು.

ಪೆಟ್ಟಿಗೆಯ ಒಳಗಾಳಿ ತುಂಬಿಕೊಂಡು ನುಡಿಯುವ ವಾದ್ಯದಲ್ಲೇ ಹೀಗಾದರೆ, ಗಟ್ಟಿ ಹಲಗೆಯ ಮೇಲೆ ಪಿಕಪ್ ಕೂರಿಸಿದ ಎಲೆಕ್ಟ್ರಿಕ್ ಗಿಟಾರಿನಲ್ಲಿ ಮರಕ್ಕೆ ಉಳಿದ ಪಾಲೆಷ್ಟು? ಜರ್ಮನಿಯ ರೇಗನ್ಸ್‌ಬರ್ಗ್‌ನ ಪ್ರಾಧ್ಯಾಪಕ ಮ್ಯಾನ್‌ಫ್ರೆಡ್ ಝೋಲ್ನರ್ ಎಲೆಕ್ಟ್ರಿಕ್ ಗಿಟಾರಿನ ಭೌತಶಾಸ್ತ್ರವನ್ನೇ ದಪ್ಪ ಗ್ರಂಥವಾಗಿ ಬರೆದರು. ಗಟ್ಟಿ ಮೈಯ ಗಿಟಾರಿನಲ್ಲಿ ಮರದ ಜಾತಿಯ ಪ್ರಭಾವ ನಗಣ್ಯ ಎಂಬುದು ಅವರ ನಿಲುವು. ನ್ಯಾಶ್‌ವಿಲ್‌ನ ಗಿಟಾರ್ ವಾದಕ ಜಿಮ್ ಲಿಲ್ ಇದನ್ನು ಕೈಯಾರೆ ಮಾಡಿ ತೋರಿಸಿದರು. ಎರಡು ಕೆಲಸದ ಮೇಜುಗಳ ನಡುವೆ ತಂತಿಗಳನ್ನು ಬಿಗಿದು, ಮೈಯೂ ಇಲ್ಲದ ಕತ್ತೂ ಇಲ್ಲದ ಆ ತಂತಿಗಳ ಕೆಳಗೆ, ತಕ್ಕ ದೂರದಲ್ಲಿ ತಕ್ಕ ಎತ್ತರದಲ್ಲಿ ಪಿಕಪ್ ಇಟ್ಟು ನುಡಿಸಿದರು. ಬಂದ ಸದ್ದು ಅವರ ದುಬಾರಿ ಗಿಟಾರಿನ ಸದ್ದನ್ನೇ ಹೋಲುತ್ತಿತ್ತು. ತಂತಿ, ಪಿಕಪ್ಪಿನ ಜಾಗ, ಅದರ ಎತ್ತರ: ಕೆಲಸ ನಡೆದದ್ದು ಇಷ್ಟರಿಂದ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೀಲರು ಗೂಡನ್ನು ಕೈಗೆತ್ತಿಕೊಂಡು, ಅಲುಗಿಸಿ, ಒತ್ತಿ ನೋಡಿ, ಎಷ್ಟು ನೂಲು ಬಂದೀತೆಂದು ಅಂದಾಜು ಮಾಡಿದ ಮೇಲೆಯೇ ಬೆಲೆ ಕಟ್ಟುತ್ತಾರೆ. ಹುಳು ಯಾವ ಮನೆತನದವರ ತೋಟದ ಸೊಪ್ಪು ತಿಂದಿತು ಎಂಬ ಕಥೆಗೆ ಅಲ್ಲಿ ಯಾರೂ ಹಣ ಕೊಡುವುದಿಲ್ಲ. ಅಂಥ ಊರಿನ ಮಕ್ಕಳು ಗಿಟಾರ್ ಕೊಳ್ಳುವಾಗ ಮಾತ್ರ ಕಥೆಗೇ ಹಣ ಕೊಡುವಂತಾಗಿದೆ.

ಇತಿಹಾಸವಂತೂ ಮರಭಕ್ತಿಯ ಪರವಾಗಿ ಒಂದು ಸಾಕ್ಷಿಯನ್ನೂ ಹೇಳುವುದಿಲ್ಲ. ಗಟ್ಟಿ ಮೈಯ ಎಲೆಕ್ಟ್ರಿಕ್ ಗಿಟಾರಿನ ಮೂಲಪುರುಷರಲ್ಲೊಬ್ಬರಾದ ಲೆಸ್ ಪಾಲ್ 1940ರ ಸುಮಾರಿಗೆ ಮಾಡಿದ ಪ್ರಯೋಗ ಒಂದು ಪೈನ್ ತೊಲೆ. ಅದನ್ನವರು ದಿಮ್ಮಿ ಎಂದೇ ಕರೆದರು. ಟೆಲಿಕ್ಯಾಸ್ಟರ್, ಸ್ಟ್ರಾಟೊಕ್ಯಾಸ್ಟರ್ ಕೊಟ್ಟ ಲಿಯೊ ಫೆಂಡರ್ ರೇಡಿಯೊ ರಿಪೇರಿ ಮಾಡುತ್ತಿದ್ದವರು, ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಡ್ಯಾನೆಲೆಕ್ಟ್ರೊ ಕಂಪನಿ ಅಗ್ಗದ ಹಾರ್ಡ್‌ಬೋರ್ಡ್ ಹಲಗೆಯಿಂದ ಗಿಟಾರ್ ಮಾಡಿ, ಲಿಪ್‌ಸ್ಟಿಕ್ ಡಬ್ಬಿಯ ಕೊಳವೆಯಲ್ಲಿ ಪಿಕಪ್ ಇಟ್ಟು ಮಾರಿತು. ಲೆಡ್ ಜೆಪ್ಪೆಲಿನ್ ತಂಡದ ಜಿಮ್ಮಿ ಪೇಜ್ 'ಕಾಶ್ಮೀರ್' ಹಾಡನ್ನು ವೇದಿಕೆಯ ಮೇಲೆ ನುಡಿಸಿದ್ದು ಆ ಗಿಟಾರಿನಲ್ಲೇ. ಬ್ರಿಟನ್ನಿನ ಶಾಲಾಬಾಲಕ ಬ್ರಯಾನ್ ಮೇ 1963ರಲ್ಲಿ ತಂದೆಯ ಜೊತೆ ಕೂತು ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರ, ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗು, ಹೆಣಿಗೆಯ ಕಡ್ಡಿಯ ತುದಿ, ಮುತ್ತಿನಚಿಪ್ಪಿನ ಗುಂಡಿ, ಇಷ್ಟನ್ನು ಸೇರಿಸಿ ಗಿಟಾರ್ ಕಟ್ಟಲು ಶುರುಮಾಡಿದ. ಕ್ವೀನ್ ತಂಡದ ಹಾಡುಗಳಲ್ಲಿ ಲೋಕ ಕೇಳಿದ್ದು ಆ ಗಿಟಾರನ್ನು. ಅವನು ಅದನ್ನು ಮೀಟುತ್ತಿದ್ದದ್ದು ಆರು ಪೆನ್ನಿಯ ನಾಣ್ಯದಿಂದ. ಎಡ್ಡಿ ವ್ಯಾನ್ ಹೇಲನ್ ಕಾರ್ಖಾನೆಯ ಎರಡನೇ ದರ್ಜೆಯ ಮೈಯನ್ನು 50 ಡಾಲರಿಗೆ, ಕತ್ತನ್ನು 80 ಡಾಲರಿಗೆ ಕೊಂಡು ಜೋಡಿಸಿಕೊಂಡ ಗಿಟಾರಿನಿಂದ 1978ರಲ್ಲಿ ರಾಕ್ ಗಿಟಾರಿನ ದಿಕ್ಕನ್ನೇ ಬದಲಿಸಿದರು.

ಹಳೆಯದೇ ಚಿನ್ನ ಎಂಬ ಮಾತಿಗೂ ಇತಿಹಾಸದ ಬಳಿ ನೇರ ಉತ್ತರವಿದೆ. ಇಂದು ಕೋಟಿಗಟ್ಟಲೆ ಬೆಲೆಯ ಗಿಬ್ಸನ್ ಲೆಸ್ ಪಾಲ್‌ಗಳು 1958ರಿಂದ 1960ರ ನಡುವೆ ತಯಾರಾದವು. ಅವು ಹೊಸದಾಗಿದ್ದಾಗ ಮಾರಾಟವಾಗದೆ ಕಂಪನಿ ಆ ವಿನ್ಯಾಸವನ್ನೇ ಕೈಬಿಟ್ಟಿತು. 1966ರಲ್ಲಿ ಎರಿಕ್ ಕ್ಲಾಪ್ಟನ್ ಅಂಥದೊಂದನ್ನು ಮಾರ್ಷಲ್ ಆಂಪ್ಲಿಫೈಯರಿಗೆ ಸಿಕ್ಕಿಸಿ, ಜೋರಾಗಿ ಏರಿಸಿ ಧ್ವನಿಮುದ್ರಿಸಿದ ಮೇಲೆ ಜನ ಹುಡುಕತೊಡಗಿದರು. ಆ ಗಿಟಾರ್ ಅದೇ ವರ್ಷ ಕಳುವಾಯಿತು. ಕ್ಲಾಪ್ಟನ್ ಬೇರೆ ಗಿಟಾರುಗಳನ್ನು ಹಿಡಿದು ಕ್ರೀಮ್ ತಂಡದಲ್ಲಿ ಇನ್ನೂ ದೊಡ್ಡ ಹೆಸರು ಮಾಡಿದರು. 1970ರಲ್ಲಿ ಅವರು ನ್ಯಾಶ್‌ವಿಲ್ಲಿನ ಅಂಗಡಿಯೊಂದರಲ್ಲಿ, ಆಗ ಯಾರಿಗೂ ಬೇಡವಾಗಿದ್ದ ಹಳೆಯ ಸ್ಟ್ರಾಟುಗಳನ್ನು ಅಗ್ಗಕ್ಕೆ ಆರು ಕೊಂಡರು. ಮೂರನ್ನು ಗೆಳೆಯರಿಗೆ ಕೊಟ್ಟು, ಉಳಿದ ಮೂರರ ಬಿಡಿಭಾಗಗಳಿಂದ ಒಂದನ್ನು ಜೋಡಿಸಿಕೊಂಡರು. ಅದೇ ಗಿಟಾರ್ 2004ರ ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು. ಬೆಲೆ ಏರಿದ್ದು ನುಡಿಸಿದವನ ಹೆಸರಿನಿಂದ. ಗಿಟಾರಿನ ಮರ 1970ರಲ್ಲೂ 2004ರಲ್ಲೂ ಒಂದೇ.

ಇನ್ನೊಂದು ಹಟ: ಫೆಂಡರ್ ಕಂಪನಿ 1965ರಲ್ಲಿ ಸಿಬಿಎಸ್ ಸಂಸ್ಥೆಯ ಕೈಸೇರಿತಲ್ಲ, ಅದಕ್ಕೂ ಮುಂಚಿನವೇ ನಿಜವಾದ ಫೆಂಡರುಗಳು, ಆಮೇಲಿನವು ಜೊಳ್ಳು. ಹಾಗಾದರೆ 1969ರ ವುಡ್‌ಸ್ಟಾಕ್‌ನಲ್ಲಿ ಜಿಮಿ ಹೆಂಡ್ರಿಕ್ಸ್ ಹಿಡಿದಿದ್ದ ಬಿಳಿಯ ಸ್ಟ್ರಾಟ್ ಯಾವುದು? 1968ರದು, ಜೊಳ್ಳು ಎನ್ನುವ ಕಾಲದ್ದು. ಬಲಗೈಯವರ ಗಿಟಾರನ್ನು ತಲೆಕೆಳಗು ಮಾಡಿ ಎಡಗೈಯಲ್ಲಿ ನುಡಿಸಿದರು. ವಿದ್ಯುತ್ ಗಿಟಾರಿನ ಅತ್ಯುನ್ನತ ಕ್ಷಣಗಳಲ್ಲಿ ಒಂದೆಂದು ಎಲ್ಲರೂ ಒಪ್ಪುವ ಆ ವಾದನ ಹೊರಟದ್ದು ಅಂಗಡಿಯ ಹೊಸ ಮಾಲಿನಿಂದ. ಈ ಒಂದು ಉದಾಹರಣೆಗೆ ಹಳಮೆಯ ಪೂಜಾರಿಗಳು ಇಂದಿಗೂ ತೃಪ್ತಿಕರ ಉತ್ತರ ಕೊಟ್ಟಿಲ್ಲ.

ಎದುರು ಪಕ್ಷದವರ ಬಲವಾದ ವಾದವನ್ನೂ ಕೇಳಬೇಕು. ಮರವೂ ಅಲುಗುತ್ತದೆ, ಅಲುಗುವ ಮರ ತಂತಿಯ ಶಕ್ತಿಯನ್ನು ಹೀರುತ್ತದೆ ಎನ್ನುತ್ತಾರೆ. ನಿಜ. ಕತ್ತು ಒಂದು ನಿರ್ದಿಷ್ಟ ಆವರ್ತನದಲ್ಲಿ ತಾನೇ ಕಂಪಿಸಿದರೆ ಆ ಫ್ರೆಟ್ಟಿನಲ್ಲಿ ಸ್ವರ ಬೇಗ ಸಾಯುತ್ತದೆ. ಇದನ್ನು ಜರ್ಮನಿಯ ಹೆಲ್ಮುಟ್ ಫ್ಲೈಷರ್ ಮತ್ತು ಟಿಲ್‌ಮನ್ ಝ್ವಿಕರ್ 1990ರ ದಶಕದಲ್ಲಿ ಅಳೆದು ತೋರಿಸಿದ್ದಾರೆ. ಆದರೆ ಗಮನಿಸಬೇಕಾದ್ದು, ಅದು ಆ ಒಂದು ಕತ್ತಿನ ಬಿಗಿ, ತೂಕ, ಜೋಡಣೆಗೆ ಸಂಬಂಧಿಸಿದ ದೋಷ. ಒಂದೇ ಮರದಿಂದ ಕಡಿದ ಎರಡು ಕತ್ತುಗಳಲ್ಲಿ ಅದು ಬೇರೆ ಬೇರೆ ಜಾಗದಲ್ಲಿ ಕಾಣಿಸಿಕೊಳ್ಳಬಹುದು. ಮಹಾಗನಿ ಎಂದರೆ ಬೆಚ್ಚಗೆ, ಮೇಪಲ್ ಎಂದರೆ ಚುರುಕು ಎಂಬ ಜಾತಿಲಕ್ಷಣ ಇದರಿಂದ ಸಿದ್ಧವಾಗುವುದಿಲ್ಲ. ಕೈಗೆ, ಎದೆಗೆ ತಾಕುವ ಮರದ ಕಂಪನ ವಾದಕನಿಗೆ ಹುಮ್ಮಸ್ಸು ಕೊಡುತ್ತದೆ ಎಂಬುದನ್ನೂ ಒಪ್ಪೋಣ. ಆ ಹುಮ್ಮಸ್ಸು ವಾದಕನದು. ಕೇಳುಗನ ಕಿವಿಯವರೆಗೆ ಹೋಗುವುದು ಪಿಕಪ್ ಕಂಡದ್ದು.

ಈಗ ಕಾಡಿನ ಲೆಕ್ಕ. ಬೀಟೆ ಕರ್ನಾಟಕದ ಮಲೆನಾಡಿನ ಹೆಮ್ಮೆಯ ಮರ. ಮೈಸೂರಿನ ಕುಸುರಿ ಕೆಲಸಕ್ಕೆ ಹೆಸರು ತಂದುಕೊಟ್ಟದ್ದೂ ಅದೇ. ಬ್ರೆಜಿಲಿನ ರೋಸ್‌ವುಡ್ಡನ್ನು ಪಿಯಾನೊ, ಪೀಠೋಪಕರಣ, ಗಿಟಾರುಗಳಿಗಾಗಿ ಕಡಿದು ಮುಗಿಸಿದ ಪಾಶ್ಚಾತ್ಯ ಕಂಪನಿಗಳು 1960ರ ದಶಕದಲ್ಲಿ ಭಾರತದ ಬೀಟೆಯತ್ತ ತಿರುಗಿದವು. ಬ್ರೆಜಿಲಿನ ಮರದ ಅಂತರರಾಷ್ಟ್ರೀಯ ವ್ಯಾಪಾರ 1992ರಲ್ಲಿ ನಿಂತಿತು. ನಮ್ಮ ಬೀಟೆಯೂ ಅಪಾಯದ ಅಂಚಿನ ಪ್ರಭೇದಗಳ ಪಟ್ಟಿ ಸೇರಿ ದಶಕಗಳಾದವು, ಅನುಮತಿಯಿಲ್ಲದೆ ಕಡಿಯುವಂತಿಲ್ಲ. 2017ರ ಜನವರಿಯಲ್ಲಿ ಇಡೀ ರೋಸ್‌ವುಡ್ ಕುಲವೇ ಅಂತರರಾಷ್ಟ್ರೀಯ ನಿಯಂತ್ರಣದಡಿ ಬಂದಾಗ ಫೆಂಡರ್ ಮೆಕ್ಸಿಕೊದ ಗಿಟಾರುಗಳಿಗೆ ಪಾವ್ ಫೆರೊ ಎಂಬ ಬೇರೆ ಮರ ಬಳಸಿತು. ಗಿಟಾರುಗಳ ದನಿ ಕುಂದಲಿಲ್ಲ, ಹಾಡುಗಳು ನಿಲ್ಲಲಿಲ್ಲ. ಆದರೂ ವಾದ್ಯ ಉದ್ಯಮ ಒತ್ತಡ ತಂದು 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಪಡೆಯಿತು. ಅದಕ್ಕೂ ಮೊದಲು, 2011ರ ಆಗಸ್ಟಿನಲ್ಲಿ, ಭಾರತದಿಂದ ಹೋದ ಬೀಟೆ ಮತ್ತು ಎಬೊನಿ ಹಲಗೆಗಳ ವಿಚಾರವಾಗಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳನ್ನು ಶೋಧಿಸಿದ್ದರು. 2009ರ ಮಡಗಾಸ್ಕರ್ ಎಬೊನಿ ಪ್ರಕರಣವೂ ಸೇರಿ 2012ರಲ್ಲಿ ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿ ರಾಜಿಯಾಯಿತು. ಮರಕ್ಕಾಗಿ ಇಷ್ಟೊಂದು ಹಟ ಏಕೆ? ಕೊಳ್ಳುವವರು ಕೇಳುತ್ತಾರೆ, ಅದಕ್ಕೆ. ಬೀಟೆ ಬೇಕೆಂದು ಕೇಳುವ ಪ್ರತಿಯೊಬ್ಬ ಗಿಟಾರಿಗನೂ ಈ ಸರಪಳಿಯ ಒಂದು ಕೊಂಡಿ. ಬೆಳೆಯಲು ಶತಮಾನ ಹಿಡಿಯುವ ಮರವನ್ನು, ಕಿವಿಗೆ ಗೊತ್ತೇ ಆಗದ ವ್ಯತ್ಯಾಸಕ್ಕಾಗಿ ಕಡಿಯುವುದನ್ನು ಯಾವ ಸಂಗೀತಪ್ರೇಮವೂ ಸಮರ್ಥಿಸದು.

ಹಾಗಾದರೆ ಸದ್ದು ಎಲ್ಲಿ ರೂಪುಗೊಳ್ಳುತ್ತದೆ? ಇದಕ್ಕೆ ಉತ್ತರ ಹುಡುಕಲು ಚಿಕ್ಕಬಳ್ಳಾಪುರ ಜಿಲ್ಲೆಯ ಯಾವುದೇ ಜಾತ್ರೆಯ, ಗಣೇಶೋತ್ಸವದ ಆರ್ಕೆಸ್ಟ್ರಾವನ್ನು ಗಮನವಿಟ್ಟು ಕೇಳಿದರೆ ಸಾಕು. ಅಲ್ಲಿ ಲೀಡ್ ಗಿಟಾರ್ ಬಹಳ ಸಲ ಚರಚರ ಎನ್ನುತ್ತದೆ, ಕಿವಿ ಚುಚ್ಚುತ್ತದೆ. ಗಿಟಾರ್ ಅಗ್ಗದ್ದು, ಅದಕ್ಕೇ ಹೀಗೆ ಎಂದು ತಂಡದವರೇ ಬೇಸರಿಸುತ್ತಾರೆ. ನಿಜವಾದ ಕಾರಣ ಬೇರೆ. ಗಿಟಾರ್ ಆಂಪ್ಲಿಫೈಯರಿನ ಹನ್ನೆರಡು ಇಂಚಿನ ಸ್ಪೀಕರು ಸುಮಾರು ಐದು ಸಾವಿರ ಹರ್ಟ್ಸ್‌ಗಿಂತ ಮೇಲಿನ ಸ್ವರಾಂಶಗಳನ್ನು ಹೆಚ್ಚೂಕಡಿಮೆ ಕತ್ತರಿಸಿಹಾಕುತ್ತದೆ. ಎಪ್ಪತ್ತು ವರ್ಷಗಳಿಂದ ಲೋಕ ಗಿಟಾರಿನ ದನಿ ಎಂದು ಒಪ್ಪಿಕೊಂಡದ್ದು ಆ ಸ್ಪೀಕರು ಸೋಸಿದ ದನಿಯನ್ನು. ನಮ್ಮ ಪೆಂಡಾಲುಗಳಲ್ಲಿ ಆಂಪ್ ತರುವ ಅನುಕೂಲವಿಲ್ಲದೆ ಡಿಸ್ಟಾರ್ಷನ್ ಪೆಡಲಿನ ಕೇಬಲ್ಲನ್ನು ನೇರ ಮಿಕ್ಸರಿಗೆ ಚುಚ್ಚುತ್ತಾರೆ. ಮಾತು, ಹಾಡು, ತಾಳ ಎಲ್ಲವನ್ನೂ ಸ್ಪಷ್ಟವಾಗಿ ಕೇಳಿಸಲೆಂದೇ ಮಾಡಿದ ಸೌಂಡ್ ಬಾಕ್ಸುಗಳು ಆ ಸೋಸದ ಸದ್ದನ್ನು ಹಾಗೇ ಉಗುಳುತ್ತವೆ. ಅಲ್ಲಿಗೆ ಎರಡು ಲಕ್ಷದ ಗಿಟಾರ್ ತಂದು ನಿಲ್ಲಿಸಿದರೂ ಅದು ಚರಚರ ಎಂದೇ ನುಡಿಯುತ್ತದೆ. ಸ್ಪೀಕರಿನ ಗುಣವನ್ನು ಅನುಕರಿಸುವ ಕ್ಯಾಬ್ ಸಿಮ್ಯುಲೇಷನ್ ಇರುವ ಸಾಧಾರಣ ಪ್ರೊಸೆಸರ್ ನಡುವೆ ಬಂದರೆ, ಅಥವಾ ಮಿಕ್ಸರಿನವರು ಆ ಚಾನೆಲ್ಲಿನ ಟ್ರೆಬಲ್ ಇಳಿಸಿದರೆ, ಅದೇ ಅಗ್ಗದ ಗಿಟಾರ್ ದುಂಡಗೆ ಹಾಡುತ್ತದೆ.

ಗುಂಯ್‌ಗುಟ್ಟುವಿಕೆಯ ಕಥೆಯೂ ಹೀಗೆಯೇ. ಅರ್ಥಿಂಗ್ ಸರಿಯಿಲ್ಲದ ಜನರೇಟರ್, ಮೇಲೆ ಸಾಲಾಗಿ ಕಟ್ಟಿದ ಸೀರಿಯಲ್ ಲೈಟು, ಟ್ಯೂಬ್‌ಲೈಟಿನ ಚೋಕು. ಒಂಟಿ ಸುರುಳಿಯ ಪಿಕಪ್ ಇವೆಲ್ಲವನ್ನೂ ಹೀರಿ 50 ಹರ್ಟ್ಸ್ ಹಾಗೂ ಅದರ ಗುಣಕಗಳಲ್ಲಿ ಗೊಣಗುತ್ತದೆ. ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ ಈ ಗೊಣಗನ್ನು ಅಳಿಸುವ ಉಪಾಯವನ್ನು ಗಿಬ್ಸನ್ನಿನ ಸೇತ್ ಲವರ್ 1955ರಲ್ಲೇ ಕಂಡುಕೊಂಡರು. ಹಂಬಕರ್ ಎಂಬ ಹೆಸರು ಬಂದದ್ದೇ ಅದರಿಂದ. ಅಗ್ಗದ ಗಿಟಾರುಗಳಲ್ಲೂ ಇಂದು ಅದು ಸಿಗುತ್ತದೆ. ಕಾರ್ಯಕ್ರಮದ ರಾತ್ರಿ ದನಿ ಕೆಟ್ಟಿತೇಕೆ ಎಂದು ಕೇಳುವವರು ಮರವನ್ನು ಬಿಟ್ಟು ಅರ್ಥಿಂಗ್ ತಂತಿಯನ್ನು ನೋಡಬೇಕು.

ಆಂಪ್ಲಿಫೈಯರುಗಳ ಪುರಾಣವನ್ನೂ ಬಿಡಿಸಿ ನೋಡಬಹುದು. ಲಂಡನ್ನಿನಲ್ಲಿ ಡ್ರಮ್ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್ ಮತ್ತು ಸಂಗಡಿಗರು 1962ರ ಸುಮಾರಿಗೆ ಫೆಂಡರ್ ಬಾಸ್‌ಮ್ಯಾನ್ ಆಂಪಿನ ಸರ್ಕ್ಯೂಟನ್ನೇ ನಕಲು ಮಾಡಿದರು. ಅಮೆರಿಕದ ಬಿಡಿಭಾಗಗಳು ದುಬಾರಿ, ಹಾಗಾಗಿ ಇಂಗ್ಲೆಂಡಿನಲ್ಲಿ ಸಿಕ್ಕ ವಾಲ್ವು, ಸ್ಪೀಕರು ಬಳಸಿದರು. ಬೇರೆಯೇ ಸದ್ದು ಬಂತು, ಅದೇ ಮಾರ್ಷಲ್ ಟೋನ್ ಆಯಿತು. ಸ್ಥಳೀಯವಾಗಿ ಸಿಕ್ಕದ್ದರಿಂದ ಹುಟ್ಟಿದ ದನಿಯನ್ನು ಇಂದು ನಮ್ಮವರು ವಿದೇಶದಿಂದ ತರಿಸಿಕೊಳ್ಳಲು ಸಾಲ ಮಾಡುತ್ತಾರೆ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ಮನೆಮನೆಯ ರೇಡಿಯೊಗಳಿಗಾಗಿ ವಾಲ್ವುಗಳನ್ನು ತಯಾರಿಸಿತು. ಹೊರದೇಶದ ಹಳೆ ವಾಲ್ವ್ ವ್ಯಾಪಾರಿಗಳ ಪಟ್ಟಿಗಳಲ್ಲಿ ಬಿಇಎಲ್ ಹೆಸರು ಈಗಲೂ ಕಾಣಿಸುತ್ತದೆ. ಜಾಲಹಳ್ಳಿಯಲ್ಲಿ ತಯಾರಾದ ವಾಲ್ವಿಗೆ ಅಲ್ಲಿನವರು ಬೆಲೆ ಕೊಡುತ್ತಾರೆ. ಇಲ್ಲಿನವರು ಅಲ್ಲಿಯದನ್ನು ಹುಡುಕುತ್ತಾರೆ.

ಪರಿಪೂರ್ಣ ಟೋನ್ ಎಂಬ ಕಲ್ಪನೆಯೇ ಇನ್ನಷ್ಟು ಪೊಳ್ಳು, ಏಕೆಂದರೆ ಲೋಕ ಮೆಚ್ಚಿದ ಟೋನುಗಳು ಎಷ್ಟೋ ಸಲ ಕೆಟ್ಟುಹೋದ ವಸ್ತುಗಳಿಂದ ಬಂದಿವೆ. 1958ರಲ್ಲಿ ಲಿಂಕ್ ರೇ ಸ್ಪೀಕರಿನ ಹಾಳೆಗೆ ತೂತು ಹೊಡೆದರು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವೀಸ್ ಬ್ಲೇಡಿನಿಂದ ಸೀಳಿದರು. ಫಝ್ ಪೆಡಲ್ ಹುಟ್ಟಿದ್ದು ನ್ಯಾಶ್‌ವಿಲ್ಲಿನ ಸ್ಟುಡಿಯೊದಲ್ಲಿ ಕೆಟ್ಟ ಮಿಕ್ಸರ್ ಚಾನೆಲ್ಲಿನಿಂದ. ಪೀಟರ್ ಗ್ರೀನ್ ಅವರ ಲೆಸ್ ಪಾಲ್‌ನಲ್ಲಿ ಒಂದು ಪಿಕಪ್ಪಿನ ಅಯಸ್ಕಾಂತ ತಿರುಗುಮುರುಗಾಗಿತ್ತು. ಅದರ ಟೊಳ್ಳು, ಅಳುವಂಥ ದನಿಗೆ ಮರುಳಾದವರಿಗೆ ಲೆಕ್ಕವಿಲ್ಲ. 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿ ಹೋದ ಮೆಟಾಲಿಕಾದ ಕರ್ಕ್ ಹ್ಯಾಮೆಟ್ 2014ರಲ್ಲಿ ಕೊಂಡದ್ದು ಅದೇ ಗಿಟಾರನ್ನು. ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಲ್ಲಿ ಹದಿನೇಳರ ವಯಸ್ಸಿನಲ್ಲಿ ಎರಡು ಬೆರಳ ತುದಿ ಕಳೆದುಕೊಂಡ ಟೋನಿ ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡು, ನೋವು ತಾಳಲು ತೆಳು ತಂತಿ ಕಟ್ಟಿ, ಮುಂದೆ ಶ್ರುತಿಯನ್ನೂ ಇಳಿಸಿ ಬ್ಲ್ಯಾಕ್ ಸಬಾತ್‌ನ ಭಾರವಾದ ದನಿಯನ್ನು ಕಟ್ಟಿದರು.

ಇದೆಲ್ಲಕ್ಕಿಂತ ತೂಕದ ಸಾಕ್ಷಿ ಮಾರ್ಕ್ ನಾಫ್ಲರ್. 2005ರಲ್ಲಿ ಬೆಂಗಳೂರಿಗೂ ಬಂದು ನುಡಿಸಿದ ನಾಫ್ಲರ್ ಪಿಕ್ ಹಿಡಿಯದೆ ಬೆರಳುಗಳಿಂದಲೇ ಮೀಟುವವರು. ಅವರ ದನಿಯ ಗುರುತು ಆ ಬೆರಳುಗಳೇ. 1985ರ 'ಮನಿ ಫಾರ್ ನಥಿಂಗ್' ಹಾಡಿನ ಗಿಟಾರ್ ಧ್ವನಿಮುದ್ರಣವಾಗುವಾಗ ಮೈಕುಗಳನ್ನು ಇನ್ನೂ ಸರಿಯಾಗಿ ಜೋಡಿಸಿರಲಿಲ್ಲ, ಒಂದು ನೆಲದತ್ತ ಮುಖಮಾಡಿ ನಿಂತಿತ್ತು. ಬಂದ ದನಿ ಅದ್ಭುತವಾಗಿತ್ತೆಂದು ಹಾಗೇ ಬಿಟ್ಟರು. ಮುಂದೆ ಅದೇ ಉಪಕರಣಗಳಿಂದ ಅದೇ ದನಿ ತರಲು ಪ್ರಯತ್ನಿಸಿದಾಗ ಅವರಿಗೇ ಸಾಧ್ಯವಾಗಲಿಲ್ಲ. ನುಡಿಸಿದವನಿಗೇ ಎರಡನೇ ಸಲ ಸಿಗದ ಟೋನನ್ನು ಚಿಂತಾಮಣಿಯ ಹುಡುಗ ಕಂತಿನ ಮೇಲೆ ಗಿಟಾರ್ ಕೊಂಡು ಪಡೆಯುತ್ತಾನೆಂದು ಆಸೆ ಹುಟ್ಟಿಸುವುದು ಮೋಸ. ಬೇರೆ ಮೃದುವಾದ ಪದ ಇದಕ್ಕೆ ಬೇಡ.

ಕಿವಿಯೂ ನಿಂತಲ್ಲಿ ನಿಲ್ಲುವುದಿಲ್ಲ. ಸದ್ದಿನ ಮಟ್ಟ ಬದಲಾದರೆ ತಗ್ಗು ಸ್ವರ, ಮೇಲಿನ ಸ್ವರಗಳು ಕಿವಿಗೆ ಕೇಳಿಸುವ ಪ್ರಮಾಣವೇ ಬದಲಾಗುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದರು. ಮಲಗುವ ಕೋಣೆಯಲ್ಲಿ ಪಕ್ಕದ ಮನೆಯವರಿಗೆ ಕೇಳಿಸದಂತೆ ಹೊಂದಿಸಿಕೊಂಡ ಟೋನು ಬಯಲಲ್ಲಿ ಡ್ರಮ್ಮಿನ ಜೊತೆ ನಿಂತಾಗ ಮಂಕಾಗುವುದು ಇದರಿಂದ. ಪರಿಪೂರ್ಣವೆಂಬುದು ಎಲ್ಲಿ ಪರಿಪೂರ್ಣ, ಎಷ್ಟು ಜೋರಿನಲ್ಲಿ, ಯಾವ ಹಾಡಿಗೆ?

ನಮ್ಮ ಕೇಳುಗರು ಈ ಪ್ರಶ್ನೆಗಳಿಗೆ ತಲೆಕೆಡಿಸಿಕೊಂಡವರೇ ಅಲ್ಲ. ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ 'ಗೀತಾ' ತೆರೆಕಂಡದ್ದು 1981ರಲ್ಲಿ. ಸಂಗೀತ ಕೊಟ್ಟ ಇಳಯರಾಜ ಸ್ವತಃ ಗಿಟಾರ್ ವಾದಕರು, ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಕನ್ನಡ ಚಿತ್ರಗಳಲ್ಲೇ ಪಳಗಿದವರು. ಆ ಹಾಡುಗಳ ಗಿಟಾರನ್ನು ಕನ್ನಡಿಗರು ನಾಲ್ಕು ದಶಕಗಳಿಂದ ಗುನುಗುತ್ತಿದ್ದಾರೆ. ಮೊದಲು ಕೇಳಿದ್ದು ಒಂಟಿ ಸ್ಪೀಕರಿನ ರೇಡಿಯೊದಲ್ಲಿ, ಬಸ್ಸಿನ ಕ್ಯಾಸೆಟ್ಟಿನಲ್ಲಿ, ಮದುವೆಮನೆಯ ತುತ್ತೂರಿ ಸ್ಪೀಕರಿನಲ್ಲಿ. ಅದು ಯಾವ ಕಂಪನಿಯ ಗಿಟಾರ್, ಫಿಂಗರ್‌ಬೋರ್ಡ್ ಯಾವ ಮರದ್ದೆಂದು ಯಾರೂ ಕೇಳಲಿಲ್ಲ.

ಶಾಸ್ತ್ರೀಯ ಸಂಗೀತವೂ ಇದನ್ನು ಕಂಡಿದೆ. ಮ್ಯಾಂಡೊಲಿನ್ ಶ್ರೀನಿವಾಸ್ ಗಟ್ಟಿ ಮೈಯ ವಿದ್ಯುತ್ ಮ್ಯಾಂಡೊಲಿನ್ ಹಿಡಿದು ವೇದಿಕೆಗೆ ಬಂದಾಗ, ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನಿನಲ್ಲಿ ಗಮಕ ತಂದಾಗ, ವಾದ್ಯವೇ ಸಲ್ಲದೆಂದವರಿದ್ದರು. ಬೆಂಗಳೂರಿನ ಜಿ. ರಾಜನಾರಾಯಣ್ ವಿದ್ಯುನ್ಮಾನ ತಂಬೂರಿ ತಂದಾಗಲೂ ಹಲಸಿನ ಮರದ ಬುರುಡೆಯಿಲ್ಲದೆ ನಾದವೆಲ್ಲಿ ಎಂಬ ಆಕ್ಷೇಪ ಬಂತು. ಇಂದು ಸಂಗೀತದ ಪಾಠ ನಡೆಯುವ ಮನೆಗಳಲ್ಲಿ ಆ ಪೆಟ್ಟಿಗೆ ಇಲ್ಲದ ಮನೆ ಅಪರೂಪ. ಗುರುಪೂರ್ಣಿಮೆಯ ಹೊತ್ತಿಗೆ ಅಂಬಾಜಿದುರ್ಗದ ಸೀಮೆಯ ಕೈವಾರದಲ್ಲಿ ಸಂತಕವಿ ತಾತಯ್ಯನವರ ಹೆಸರಿನಲ್ಲಿ ಎಪ್ಪತ್ತೆರಡು ಗಂಟೆ ಸಂಗೀತೋತ್ಸವ ನಡೆಯುತ್ತದೆ. ಅಲ್ಲಿ ನೆರೆಯುವ ಜನ ವಾದ್ಯದ ವಂಶಾವಳಿ ವಿಚಾರಿಸದೆ ಹಾಡಿಗೆ ಕಿವಿಗೊಡುತ್ತಾರೆ.

ಗಿಟಾರ್ ಕಲಿಸುವವರು ಮಾಡಬೇಕಾದ ಕೆಲಸ ಇದೆ. ವರ್ಷಕ್ಕೊಮ್ಮೆ ತಮ್ಮ ವಿದ್ಯಾರ್ಥಿಗಳನ್ನೂ ಅವರ ತಂದೆತಾಯಿಯರನ್ನೂ ಕೂರಿಸಿ, ಪರದೆಯ ಹಿಂದೆ ಒಂದು ಅಗ್ಗದ, ಒಂದು ಮಧ್ಯಮ, ಒಂದು ದುಬಾರಿ ಗಿಟಾರನ್ನು ಒಂದೇ ಆಂಪಿಗೆ ಸಿಕ್ಕಿಸಿ ನುಡಿಸಲಿ. ಮೂರಕ್ಕೂ ಹೊಸದಾಗಿ ಒಂದೇ ಗೇಜಿನ ತಂತಿ ಇರಲಿ, ಪಿಕಪ್ಪಿನ ಎತ್ತರ ಒಂದೇ ಇರಲಿ, ಸದ್ದಿನ ಮಟ್ಟವನ್ನು ಮೀಟರಿನಿಂದ ಸಮ ಮಾಡಿರಲಿ. ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಎನಿಸುವ ಕಿವಿಯ ದೌರ್ಬಲ್ಯ ಹಾಗಲ್ಲದೆ ತಪ್ಪುವುದಿಲ್ಲ. ಪ್ರತಿಯೊಂದನ್ನೂ ಹಲವು ಸಲ, ಕ್ರಮ ಬದಲಿಸಿ ನುಡಿಸಲಿ. ಕೇಳುಗರು ಯಾವುದು ಯಾವುದೆಂದು ಚೀಟಿಯಲ್ಲಿ ಬರೆಯಲಿ. ಅನಂತರ ಅದೇ ಅಗ್ಗದ ಗಿಟಾರನ್ನು ಗುರುಗಳೊಮ್ಮೆ, ಮೊದಲ ವರ್ಷದ ಶಿಷ್ಯನೊಮ್ಮೆ ನುಡಿಸಲಿ, ಆಗಲೂ ಚೀಟಿ ಬರೆಸಲಿ. ಎರಡು ಪರೀಕ್ಷೆಗಳ ಚೀಟಿಗಳನ್ನು ಅಲ್ಲೇ, ಎಲ್ಲರೆದುರಿಗೆ ಎಣಿಸಲಿ.

ಆಮೇಲೆ ಕೊಳ್ಳುವ ಮಾತು. ಅಮೆರಿಕನ್ ಮಾದರಿಯೊಂದಕ್ಕೆ ಲಕ್ಷ ರೂಪಾಯಿ ಮೀರಿ ಕೊಡುವ ಬದಲು ಸಾಧಾರಣ ಬೆಲೆಯ ಗಿಟಾರ್ ಕೊಂಡು, ಉಳಿದ ಹಣದಲ್ಲಿ ತಿಳಿದವರ ಕೈಯಲ್ಲಿ ಸೆಟಪ್ ಮಾಡಿಸಬೇಕು: ಫ್ರೆಟ್ಟುಗಳ ಮಟ್ಟ, ನಟ್ಟಿನ ಕಚ್ಚು, ತಂತಿಯ ಎತ್ತರ, ಇಂಟೊನೇಷನ್. ನಮ್ಮ ಬಯಲುಸೀಮೆಯ ಒಣ ಬೇಸಿಗೆಯಿಂದ ಮಳೆಗಾಲಕ್ಕೆ ಬರುವಾಗ ಕತ್ತು ಬಾಗುತ್ತದೆ. ಕತ್ತಿನೊಳಗಿನ ಟ್ರಸ್ ರಾಡನ್ನು ಕಾಲು ತಿರುವು ತಿರುಗಿಸುವುದನ್ನು ಕಲಿತರೆ ಅಪಸ್ವರದ ಅರ್ಧ ತೊಂದರೆ ತೀರುತ್ತದೆ. ಸಾವಿರ ರೂಪಾಯಿ ಆಸುಪಾಸಿನ ಹೊಸ ತಂತಿಗಳನ್ನು ಕಾಲಕಾಲಕ್ಕೆ ಕಟ್ಟಬೇಕು, ಏಕೆಂದರೆ ಬೆವರಿಗೆ ತುಕ್ಕು ಹಿಡಿದ ತಂತಿ ಯಾವ ಮರದ ಮೇಲಿದ್ದರೂ ಮಂಕಾಗಿಯೇ ನುಡಿಯುತ್ತದೆ. ಪಿಕಪ್ಪನ್ನು ತಂತಿಗೆ ಅರ್ಧ ಮಿಲಿಮೀಟರ್ ಹತ್ತಿರ ತಂದು ಕೇಳಬೇಕು, ದೂರ ಸರಿಸಿ ಕೇಳಬೇಕು. ಪಿಕ್ಕಿನಿಂದ ಬ್ರಿಜ್ಜಿನ ಬಳಿ ಮೀಟಿ, ಕತ್ತಿನ ಬಳಿ ಮೀಟಿ ಕೇಳಬೇಕು. ಗಿಟಾರಿನ ಮೇಲಿರುವ ವಾಲ್ಯೂಮ್ ಗುಂಡಿಯನ್ನು ಹತ್ತರಿಂದ ಏಳಕ್ಕೆ ಇಳಿಸಿ ನೋಡಬೇಕು; ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಮಿಕ್ಕ ಹಣ ಗುರುವಿನ ಶುಲ್ಕಕ್ಕಿರಲಿ.